ಪ್ರೆಸ್ ಎರಡರ ಬಳಿ ಯಾರೂ ಇಲ್ಲ

೮ ಜೂನ್ ೨೦೧೫, ಸೋಮವಾರ

ಮುಂದಿನ ವಾರ ನಮ್ಮ ಸಾಫ್ಟ್‌ವೇರಿನ ಹೊಸ ವರ್ಷನ್. ಮ್ಯಾನೇಜರ್ ಲೋಕೇಶ್ ಇವತ್ತು ಟೀಮಿನವರನ್ನೆಲ್ಲ ಕೂರಿಸಿಕೊಂಡು ಬೋರ್ಡಿನ ಮೇಲೆ ಬರೆದು ತೋರಿಸಿದರು. ಈಗಿರುವ ನಮ್ಮ ವ್ಯವಸ್ಥೆ ಕಾರ್ಖಾನೆಗಳ ಡೇಟಾವನ್ನು ದಿನವೆಲ್ಲ ಕೂಡಿಟ್ಟುಕೊಂಡು ಮರುದಿನ ವರದಿ ಕೊಡುತ್ತದೆ. ಹೊಸದು ಕಾಯುವುದಿಲ್ಲ. ಗೇಟಿನಲ್ಲಿ ಕಾರ್ಡು ತೋರಿಸಿದ್ದು, ಕ್ಯಾಂಟೀನಿನಲ್ಲಿ ಊಟ ತೆಗೆದುಕೊಂಡದ್ದು, ಯಂತ್ರ ನಿಂತದ್ದು, ಕಂಪನಿ ಬಸ್ಸು ಹತ್ತಿದ್ದು ಎಲ್ಲವೂ ಆದ ಕೂಡಲೇ ಪರದೆಯ ಮೇಲೆ ಬರುತ್ತದೆ. ಬೇರೆ ಬೇರೆ ಕಡೆಯಿಂದ ಬಂದದ್ದನ್ನು ಒಬ್ಬೊಬ್ಬ ಕೆಲಸಗಾರನ ನಂಬರಿಗೆ ತಾನೇ ಜೋಡಿಸಿಕೊಳ್ಳುತ್ತದೆ.

"ಸುಮಂಗಲಾ, ಬೊಮ್ಮಸಂದ್ರದ ಕ್ಲೈಂಟ್ ನೀವೇ ನೋಡ್ಕೊಳ್ಳಿ. ದೊಡ್ಡ ಕ್ಲೈಂಟು. ಹೆಚ್ಚುಕಮ್ಮಿ ಆದ್ರೆ ನನ್ ತಲೆ ಹೋಗುತ್ತೆ ಕಣ್ರೀ," ಅಂದರು.

ಬೊಮ್ಮಸಂದ್ರದ ಕ್ಲೈಂಟ್ ಅಂದರೆ ಕಾರುಗಳ ತಗಡಿನ ಭಾಗಗಳನ್ನು ಒತ್ತುವ ಕಾರ್ಖಾನೆ. ನಮ್ಮ ಮನೆಯವರು ಕೆಲಸ ಮಾಡುವುದು ಅಲ್ಲೇ. ಅದನ್ನು ಆಗಲೇ ಹೇಳಬೇಕಿತ್ತೇನೋ. ಹೇಳಿದ್ದರೆ ಕೆಲಸ ಬೇರೆಯವರ ಪಾಲಾಗುತ್ತಿತ್ತು. ಹೇಗೂ ಹೆಸರುಗಳು ನಮಗೆ ಕಾಣುವುದಿಲ್ಲ, ಬರೀ ನಂಬರು. ಕ್ಲೈಂಟಿನ ವಿಷಯ ಹೊರಗೆ ಆಡುವುದಿಲ್ಲ ಎಂದು ಸಹಿ ಹಾಕಿರುವುದರಿಂದ ಇವರಿಗೂ ಹೇಳಲಿಲ್ಲ.

ಸಂಜೆ ಸಿಂಗಸಂದ್ರಕ್ಕೆ ಬಂದಾಗ ಕೆಳಗಿನ ಮನೆಯ ಚಿಕ್ಕಮುನಿಯಮ್ಮ ಸೊಪ್ಪು ಬಿಡಿಸುತ್ತ ಬಾಗಿಲಲ್ಲಿ ಕೂತಿದ್ದರು. "ನಿನ್ ಗಂಡ ರೇವಣಸಿದ್ದಪ್ಪ ಆಗ್ಲೇ ಬಂದವ್ನೆ ಕಣಮ್ಮ. ನಿಂಗೇ ಲೇಟು," ಅಂದರು. ಮೇಲೆ ಹೋದರೆ ಇವರು ಹಿಟ್ಟು ನಾದಿಕೊಂಡು ನನ್ನ ದಾರಿ ನೋಡುತ್ತಿದ್ದರು. ರೊಟ್ಟಿ ಬಡಿಯುವುದು ಮಾತ್ರ ಇವರಿಗೆ ಇನ್ನೂ ಬಂದಿಲ್ಲ.

"ಹೊಸಾದು ಬರ್ತೈತಿ ಅಂತಿದ್ದೆಲ್ಲ, ಏನ್ ಮಾಡ್ತೈತಿ ಅದು?"

"ಎಲ್ಲಾ ಲಗೂನ ತಿಳೀತೈತ್ರಿ."

"ತಿಳದು ಏನ್ ಮಾಡೂದು?"

ನಗು ಬಂತು. ಇವರ ಪ್ರಶ್ನೆಗಳೇ ಹೀಗೆ.

೧೫ ಜೂನ್, ಸೋಮವಾರ

ನಿನ್ನೆ ಅಪ್‌ಗ್ರೇಡ್ ಮುಗಿಯಿತು. ಇವತ್ತು ಮೊದಲ ದಿನ. ಬೊಮ್ಮಸಂದ್ರದ ಗೇಟಿನಲ್ಲಿ ಮೊದಲ ಪಾಳಿಯವರು ಒಳಗೆ ಹೋಗುವಾಗ ನಂಬರುಗಳು ಪರದೆಯ ಮೇಲೆ ಒಂದರ ಹಿಂದೊಂದು ಇಳಿದವು. ನೋಡುತ್ತ ಕಾಫಿ ಕುಡಿಯುವುದನ್ನೇ ಮರೆತೆ. ಅಲ್ಲಿನ ಸೆಕ್ಯುರಿಟಿ ಕೋಣೆಯಲ್ಲೂ ನಮ್ಮದೊಂದು ಪರದೆ ಹಾಕಿದ್ದಾರೆ. ಪ್ರತಿ ಯಂತ್ರದ ಪಕ್ಕದಲ್ಲಿ ಪುಟ್ಟ ಪೆಟ್ಟಿಗೆಯಿದೆ. ಕೆಲಸಕ್ಕೆ ನಿಲ್ಲುವವನು ಅದಕ್ಕೆ ಕಾರ್ಡು ತೋರಿಸಬೇಕು. ಒಳಗೆ ಯಾವ ಯಂತ್ರದ ಬಳಿ ಎಷ್ಟು ಜನ ಇದ್ದಾರೆ ಎಂಬುದು ಗಾರ್ಡಿಗೆ ಕೂತಲ್ಲೇ ಕಾಣುತ್ತದೆ.

ಗೇಟು ಖಾಲಿಯಾದ ಮೇಲೆ ಇವರ ಫೋನು ಬಂತು. "ಗಾಡಿ ಚೈನ್ ಕಡೀತು. ಈಗ ಮುಟ್ಟೀನಿ, ಗೇಟಿನ್ಯಾಗ ಅದೀನಿ." ಅದೇ ಕ್ಷಣ ಒಂದೇ ಒಂದು ನಂಬರು ಒಳಗೆ ಹೋಯಿತು. ನಾನು ಹುಡುಕಿಕೊಂಡು ಹೋದದ್ದಲ್ಲ, ತಾನಾಗಿ ಕಣ್ಣಿಗೆ ಬಿದ್ದದ್ದು. ಮರೆಯೋಣವೆಂದರೆ ಮರೆಯುವಂಥ ನಂಬರೂ ಅಲ್ಲ.

ಮಧ್ಯಾಹ್ನ ಎಂದಿನಂತೆ ಫೋನು ಮಾಡಿ ಊಟ ಆಯಿತೇ ಎಂದು ಕೇಳಿದೆ. ಈಗಷ್ಟೇ ತಟ್ಟೆ ತಗೊಂಡೆ ಅಂದರು. ನನಗೆ ಆಗಲೇ ಕಂಡಿತ್ತು. ಒಂಥರಾ ಖುಷಿಯಾಯಿತು, ಇವರ ಎದುರಿಗೇ ಕೂತ ಹಾಗೆ.

೧ ಜುಲೈ, ಬುಧವಾರ

ನಿನ್ನೆ ಇವರ ಕಾರ್ಖಾನೆಯಲ್ಲಿ ಬಸಲಿಂಗ ಎಂಬ ಹುಡುಗನ ಬಲಗೈ ತಗಡು ಒತ್ತುವ ಯಂತ್ರದಲ್ಲಿ, ಪ್ರೆಸ್ ಎರಡರಲ್ಲಿ, ಸಿಕ್ಕಿ ಹೋಯಿತು. ಸುರಪುರದ ಕಡೆಯವನು, ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ. ಆಸ್ಪತ್ರೆಗೆ ಎತ್ತಿಕೊಂಡು ಹೋದವರಲ್ಲಿ ಇವರೂ ಒಬ್ಬರು. ಅಂಗಿ ನೆನೆಹಾಕಿ ಬಚ್ಚಲಲ್ಲೇ ನಿಂತಿದ್ದರು. ರಾತ್ರಿ ಊಟಕ್ಕೆ ಏಳಲಿಲ್ಲ.

"ಕೈ ಒಳಗ ಹೋದ್ರ ಪ್ರೆಸ್ ನಿಲ್ಲಸಾಕ ಸೆನ್ಸಾರ್ ಐತಿ. ಪದೇ ಪದೇ ನಿಲ್ತೈತಿ, ಮಾಲು ಕಡಿಮಿ ಬೀಳ್ತೈತಿ ಅಂತ ಅದರ ವೈರ್ ಕಿತ್ತು ಇಟ್ಟಾರ. ಎಲ್ಲಾರಿಗೂ ಗೊತ್ತೈತಿ."

"ನೀವು ಹೇಳಬೇಕಿತ್ತು."

"ಹೇಳೀವಿ. ಯಾರ ಕೇಳ್ತಾರ?"

ಇವತ್ತು ಆಫೀಸಿನಲ್ಲಿ ನಾನು ಆ ಹೊತ್ತಿನ ದಾಖಲೆ ತೆಗೆದು ನೋಡಿದೆ. ಪ್ರೆಸ್ ಎರಡು ನಿಂತಿತು, ಊಟದ ಹೊತ್ತಿಗೆ ಮುಂಚೆಯೇ ಮತ್ತೆ ಶುರುವಾಯಿತು. ಒಂದು ನಂಬರು ಹೊರಗೆ ಹೋಗದೆಯೇ ನಿಂತುಹೋಗಿದೆ. ಅವನನ್ನು ಹೊತ್ತುಕೊಂಡು ಹೋಗುವಾಗ ಗೇಟಿಗೆ ಕಾರ್ಡು ತೋರಿಸುವವರು ಯಾರು? ವ್ಯವಸ್ಥೆಯ ಪ್ರಕಾರ ಬಸಲಿಂಗ ಇನ್ನೂ ಒಳಗೇ ಇದ್ದಾನೆ.

೧೨ ಜುಲೈ, ಭಾನುವಾರ

ಚನಬಸಪ್ಪ ಮತ್ತು ಇನ್ನಿಬ್ಬರು ಊಟಕ್ಕೆ ಬಂದಿದ್ದರು. ಚನಬಸಪ್ಪ ಇವರ ಜೊತೆಗೇ ಆ ಕಾರ್ಖಾನೆ ಸೇರಿದವರು. ಇಬ್ಬರೂ ಒಂದೇ ರೂಮಿನಲ್ಲಿ ಇದ್ದವರು. ಅತ್ತಿಗೆ ಎಂಬ ಸಲುಗೆಯಲ್ಲಿ ನನ್ನನ್ನು ವೈನಿ ಎನ್ನುತ್ತಾರೆ. ಪುಂಡಿಪಲ್ಯ ಮಾಡಿದ್ದೆ.

"ಈ ಬೆಂಗಳೂರಾಗ ಪುಂಡಿ ಎಲ್ಲಿ ಸಿಕ್ತು ವೈನಿ? ನಮ್ಮನ್ಯಾಗ ಬರೇ ಬಸಳಿ ತಿಂದು ನಾಲಿಗಿ ಸತ್ತೈತಿ," ಎಂದು ಎರಡು ಸಲ ಹಾಕಿಸಿಕೊಂಡರು.

ಊಟವಾದ ಮೇಲೆ ನಾಲ್ವರೂ ತಗ್ಗಿದ ದನಿಯಲ್ಲಿ ಮಾತಾಡುತ್ತ ಕೂತರು. ನಾನು ಎಲೆ ಅಡಿಕೆ ತಟ್ಟೆ ಹಿಡಿದು ಹೋದಾಗ ಮಾತು ನಿಂತಿತು. ಮೊದಲು ಹೀಗಿರಲಿಲ್ಲ.

ಅವರೆಲ್ಲ ಹೋದ ಮೇಲೆ ಏನು ವಿಷಯ ಎಂದು ಇವರನ್ನು ಕೇಳಿದೆ. "ಬಸಲಿಂಗಂದು," ಅಂದರು. ಮುಂದೆ ಕೇಳಲಿಲ್ಲ.

೨೨ ಜುಲೈ, ಬುಧವಾರ

ಹೊಸ ಸೌಲಭ್ಯವೊಂದು ಸೇರಿತು. ಲೋಕೇಶ್ ಅದಕ್ಕೆ ಗುಂಪು ಎನ್ನುತ್ತಾರೆ. ಯಾರ ಕಾರ್ಡು ಯಾರ ಕಾರ್ಡಿನ ಬೆನ್ನಿಗೆ ಕ್ಯಾಂಟೀನಿಗೆ ಬರುತ್ತದೆ, ಯಾರು ಯಾರ ಜೊತೆ ಬಸ್ಸು ಹತ್ತುತ್ತಾರೆ, ಯಾರು ಒಟ್ಟಿಗೆ ಹೊರಗೆ ಹೋಗುತ್ತಾರೆ, ಇಷ್ಟರಿಂದಲೇ ಯಾರು ಯಾರ ಸ್ನೇಹಿತರು ಎಂದು ಅದು ಹೇಳುತ್ತದೆ. ಪ್ರತಿ ನಂಬರು ಒಂದು ಚುಕ್ಕಿ, ನಡುವೆ ಗೆರೆಗಳು. ಕ್ಯಾಂಟೀನಿನ ನೂಕುನುಗ್ಗಲು ತಪ್ಪಿಸುವುದಕ್ಕೆ, ಬಸ್ಸಿನ ದಾರಿ ಸರಿಪಡಿಸುವುದಕ್ಕೆ ಎಂದು ಕ್ಲೈಂಟ್ ಕೇಳಿದ್ದು.

"ಚುಕ್ಕಿ ಹಾಕಿ ಗೆರೆ ಎಳೆಯೋದು ಯಾರ್ ಬೇಕಾದ್ರೂ ಮಾಡ್ತಾರೆ. ಇದು ನಿಜ ಅಂತ ಹೇಗ್ರೀ ಗೊತ್ತಾಗೋದು?" ಎಂದು ಲೋಕೇಶ್ ತಲೆ ಕೆರೆದುಕೊಂಡರು. "ಕಾರ್ಖಾನೆ ಒಳಗಿನ ಜನ ಯಾರಾದ್ರೂ ನೋಡಿ ಹೌದು ಅನ್ನಬೇಕು."

"ನಾನು ನೋಡ್ತೀನಿ," ಅಂದೆ.

ಇವರ ನಂಬರು ಹುಡುಕಿದೆ. ಏಳನೇ ಗುಂಪಿನ ನಟ್ಟನಡುವೆ ಇತ್ತು. ಅದಕ್ಕೆ ತೀರ ಹತ್ತಿರ ಮೂರು ಚುಕ್ಕಿ. ಆ ಭಾನುವಾರ ನನ್ನ ಮನೆಯಲ್ಲಿ ಉಂಡ ಮೂವರಲ್ಲದೆ ಇನ್ನಾರು? ಸುತ್ತ ಇನ್ನೂ ಕೆಲವು. ಇವರ ಹೆಸರು ಗೊತ್ತಿಲ್ಲದ, ಮುಖ ನೋಡದ ಒಂದು ಲೆಕ್ಕ ಇವರ ಸ್ನೇಹವನ್ನು ಗುರುತು ಹಿಡಿದಿದೆ. ಅದನ್ನು ಕಟ್ಟಿದವರಲ್ಲಿ ನಾನೂ ಒಬ್ಬಳು.

"ಸರಿ ಇದೆ," ಎಂದು ಹೋಗಿ ಹೇಳಿದೆ.

"ಪಕ್ಕಾನಾ?"

"ಪಕ್ಕಾ ಸಾರ್."

ಹೇಗೆ ಗೊತ್ತು ಎಂದು ಅವರು ಕೇಳಲಿಲ್ಲ. ಎಲ್ಲರ ಎದುರಿಗೆ ನನ್ನ ಹೆಸರು ಹೇಳಿ ಹೊಗಳಿದರು.

೬ ಆಗಸ್ಟ್, ಗುರುವಾರ

ಇವರ ನಂಬರು ಮಧ್ಯಾಹ್ನವೇ ಗೇಟು ದಾಟಿತು. ಮನೆಗೆ ಬಂದದ್ದು ದಿನದಂತೆ ಸಂಜೆ. ಕೆಲಸ ಜಾಸ್ತಿ ಇತ್ತೇ ಎಂದರೆ ಹೂಂ ಅಂದರು. ಬಡಿಸಿದೆ.

ಆಮೇಲೆ ಲ್ಯಾಪ್‌ಟಾಪಿನಲ್ಲಿ ದಾಖಲೆ ತಿರುವಿದಾಗ ಏಳನೇ ಗುಂಪಿನ ಇನ್ನೂ ಕೆಲವರು ಅದೇ ಹೊತ್ತಿಗೆ ಹೊರಟದ್ದು ಕಂಡಿತು. ಹಾಗಾದರೆ ಬೇರೆ ಏನೂ ಅಲ್ಲ. ಮನಸ್ಸು ಹಗುರವಾಯಿತು.

೧೯ ಆಗಸ್ಟ್, ಬುಧವಾರ, ಪಂಚಮಿ

ಬೆಳಿಗ್ಗೆ ರಜೆ ಹಾಕಿ ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿದೆ. ಕೆಳಗೆ ಕೊಡಲು ಹೋದಾಗ ಚಿಕ್ಕಮುನಿಯಮ್ಮ ಕೇಳಿದರು: "ಈಚೀಚೆಗೆ ಮೇಲ್ಗಡೆ ಮಾತೇ ಕೇಳ್ಸಾಕಿಲ್ವಲ್ಲಮ್ಮ. ಇಬ್ರೂ ಊರ್ಗೋಗಿದ್ದೀರೇನೋ ಅಂದ್ಕಂಡೆ."

ಕೆಲಸ ಜಾಸ್ತಿ ಅಂದೆ.

ಇವರು ಸಂಜೆ ಬಾಗಿಲು ಹಾಕಿ ಪಕ್ಕದಲ್ಲಿ ಕೂತರು. "ನಿನಗ ಒಂದು ಮಾತು ಹೇಳಬೇಕಾಗಿತ್ತು. ಸಿಟ್ಟಾಗಬ್ಯಾಡ. ನಾವು ಒಂದಿಷ್ಟು ಮಂದಿ ಕೂಡಿ ಸರ್ಕಾರಕ್ಕ ಅರ್ಜಿ ಕೊಟ್ಟೀವಿ. ಪ್ರೆಸ್ಸಿನ ಸೆನ್ಸಾರ್ ಹಾಕಸ್ರಿ ಅಂತ. ಹೆಸರು ಬರದಿಲ್ಲ. ಅದಕ್ಕ ಅವತ್ತೊಂದಿನ ಅರ್ಧಾ ರಜಾ ಹಾಕಿದ್ದೆ."

"ಗೊತ್ತೈತಿ," ಎಂದುಬಿಟ್ಟೆ.

"ಹೆಂಗ?"

"ಹಂಗಲ್ಲ. ಏನೋ ನಡದೈತಿ ಅಂತ ಗೊತ್ತಿತ್ತು."

ಇವರು ಉಂಡಿ ತಟ್ಟೆ ಹತ್ತಿರ ಎಳೆದುಕೊಂಡು, "ಚನಬಸ್ಯಾಗ ಎರಡು ಉಂಡಿ ಕಟ್ಟಿಕೊಡು," ಅಂದರು.

೨೭ ಆಗಸ್ಟ್, ಗುರುವಾರ

ಲೋಕೇಶ್ ನನ್ನೊಬ್ಬಳನ್ನೇ ಕರೆದು ಗಾಜಿನ ಬಾಗಿಲು ಮುಚ್ಚಿದರು.

"ಬೊಮ್ಮಸಂದ್ರದವರು ನಂಬರು-ಹೆಸರಿನ ಪಟ್ಟಿ ಕಳಿಸಿ, ಗುಂಪುಗಳನ್ನ ಹೆಸರು ಸಮೇತ ಕೇಳ್ತಿದ್ದಾರೆ. ಯಾರೋ ಅವರ ಮೇಲೆ ದೂರು ಕೊಟ್ಟಿದ್ದಾರಂತೆ. ಯಾವತ್ತು ಕೊಟ್ರು ಅನ್ನೋದು ಗೊತ್ತಂತೆ. ಆ ದಿನ ಯಾವ ಗುಂಪು ಒಟ್ಟಿಗೆ ಹೊರಗೆ ಹೋಗಿತ್ತು ಅಂತ ನೋಡಿದ್ರೆ ಮುಗೀತು."

"ಅದಕ್ಕೆ ಮಾಡಿದ್ದಲ್ವಲ್ಲ ಸಾರ್ ಇದು."

"ಡೇಟಾ ಅವರದ್ದು ಕಣ್ರೀ. ನಾವು ಅಂಗಡಿ ಇಟ್ಕೊಂಡಿರೋರು. ನಾಳೆ ಸಂಜೆ ಒಳಗೆ ಕೊಡಬೇಕು."

ನನ್ನ ಗಂಡ ಅಲ್ಲಿದ್ದಾರೆ ಎಂದು ಆಗ ಹೇಳಬಹುದಿತ್ತು. ಆದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂಬುದೇ ಮೊದಲು ಕೇಳುವ ಪ್ರಶ್ನೆ. ಹೇಳಿದರೂ ಆ ಕೆಲಸವನ್ನು ಪಕ್ಕದ ಕುರ್ಚಿಯವನು ಮಾಡುತ್ತಾನೆ, ಇವರ ಹೆಸರು ಎಲ್ಲಕ್ಕಿಂತ ಮೇಲೆ ಬರುತ್ತದೆ.

ಸೀಟಿಗೆ ಬಂದು ಯೋಚಿಸಿದೆ. ಹೊಸ ಕಾರ್ಡು ಯಂತ್ರ ಸರಿಯಿದೆಯೇ ಎಂದು ನೋಡಲು ಬಳಸುವ ಕಾರ್ಡುಗಳಿಗೆ ನಾವು ಟೆಸ್ಟ್ ಎಂಬ ಗುರುತು ಹಾಕುತ್ತೇವೆ. ಆ ಗುರುತು ಬಿದ್ದ ನಂಬರನ್ನು ವ್ಯವಸ್ಥೆ ಮನುಷ್ಯನೆಂದು ಎಣಿಸುವುದಿಲ್ಲ. ಯಾವ ಗುಂಪಿನಲ್ಲೂ, ಯಾವ ಪರದೆಯಲ್ಲೂ ಬರುವುದಿಲ್ಲ. ಸಂಬಳದ ಲೆಕ್ಕ ಬೇರೆ ಕಡೆ ಇರುವುದರಿಂದ ಅದಕ್ಕೇನೂ ತೊಂದರೆಯಿಲ್ಲ. ಇವರ ನಂಬರಿಗೆ ಆ ಗುರುತು ಹಾಕಿದೆ.

ಏಳನೇ ಗುಂಪಿನ ನಡುವಿನ ಚುಕ್ಕಿ ಹೋಯಿತು. ಗೆರೆಗಳೆಲ್ಲ ಸರಿದು ಚನಬಸಪ್ಪನ ಚುಕ್ಕಿಯ ಮೇಲೆ ಕೂಡಿಕೊಂಡವು.

ಅವರ ಚುಕ್ಕಿಯನ್ನೂ ತೆಗೆಯಬಹುದಿತ್ತು. ಆದರೆ ಇಡೀ ಗುಂಪೇ ಇಲ್ಲವಾದರೆ ಯಾರಿಗಾದರೂ ಅನುಮಾನ ಬರುತ್ತದೆ.

೪ ಸೆಪ್ಟೆಂಬರ್, ಶುಕ್ರವಾರ

ಚನಬಸಪ್ಪ ಸೇರಿ ಏಳನೇ ಗುಂಪಿನವರನ್ನೆಲ್ಲ ಕೆಲಸದಿಂದ ತೆಗೆದರು. ಇವರನ್ನು ಕೇಳಲೂ ಇಲ್ಲ. ನಾನು ಮಾಡಿದ್ದು ಸರಿಯಾಗಿ ಕೂತಿದೆ. ದೇವರ ಮುಂದೆ ದೀಪ ಹಚ್ಚಿದೆ.

ಇವರು ಗೋಡೆಗೆ ಒರಗಿ ಕೂತಿದ್ದರು. "ಅರ್ಜಿ ಬರದಾಂವ ನಾನು. ನನ್ನ ಒಬ್ಬನ್ನ ಯಾಕ ಬಿಟ್ರು?"

"ಒಳ್ಳೇದ ಆತಲ್ರಿ."

"ಒಳ್ಳೇದೇನ ಇದು, ಸುಮಾ?"

೧೨ ಸೆಪ್ಟೆಂಬರ್, ಶನಿವಾರ

ಚನಬಸಪ್ಪ ಬಂದಿದ್ದರು. ಒಳಗೆ ಬರಲಿಲ್ಲ, ಮೆಟ್ಟಿಲ ಮೇಲೇ ನಿಂತರು. ಕೆಲಸ ಹೋದವರೆಲ್ಲ ಕಾರ್ಖಾನೆಯ ಗೇಟಿನೆದುರು ಶಾಮಿಯಾನ ಹಾಕಿಕೊಂಡು ದಿನಾ ಧರಣಿ ಕೂರುತ್ತಾರಂತೆ, ಬಿಸಿಲಿಗೆ ಮುಖ ಕಪ್ಪಾಗಿತ್ತು.

"ರೇವಣ್ಣ, ಒಂದ ಮಾತು ಕೇಳ್ತೀನಿ. ಹೆಸರು ಹೇಳಿದಾಂವ ನೀನಾ?"

"ನಿನಗ ಹಂಗ ಅನಸ್ತೈತಿ?"

"ನನಗ ಅನಸಂಗಿಲ್ಲ ಅಂತ ಇಷ್ಟ ದಿನ ಮಂದಿ ಜೋಡಿ ಜಗಳಾಡಿದೆ. ಆದ್ರ ಎಲ್ಲಾರೂ ಹೊರಗ ಅದೀವಿ, ನೀ ಒಬ್ಬ ಒಳಗ ಅದೀ. ನಾ ಏನಂತ ಹೇಳ್ಲಿ ಅವ್ರಿಗೆ?"

ಇವರು ನನ್ನ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದರು. ಚನಬಸಪ್ಪ ತಲೆಯಾಡಿಸಿ ಇಳಿದು ಹೋದರು. ನಾನು ಚಹಾ ಸೋಸಿ ಇಟ್ಟಿದ್ದೆ; ಹಾಗೇ ಆರಿತು.

ಎಲ್ಲ ತಣ್ಣಗಾಗಲು ಸ್ವಲ್ಪ ಕಾಲ ಬೇಕು.

೨೧ ಸೆಪ್ಟೆಂಬರ್, ಸೋಮವಾರ

ಒಳಗೆ ಉಳಿದವರೂ ಇವರ ಜೊತೆ ಮಾತಾಡುವುದಿಲ್ಲವಂತೆ. ಇವರು ಕೂತ ಬೆಂಚಿನಿಂದ ಎದ್ದು ಹೋಗುತ್ತಾರಂತೆ. ಅದಕ್ಕೆ ಕ್ಯಾಂಟೀನಿಗೆ ಹೋಗುವುದನ್ನೇ ಬಿಟ್ಟಿದ್ದಾರೆ. ಜನ ಕಡಿಮೆಯಾಗಿದ್ದಕ್ಕೆ ಇವರನ್ನು ಪ್ರೆಸ್ ಎರಡಕ್ಕೆ ಹಾಕಿದ್ದಾರೆ. ಊಟದ ಹೊತ್ತಿನಲ್ಲಿ ಒಬ್ಬರೇ ಪ್ರೆಸ್ಸಿನೊಳಗೆ ಕೈಹಾಕಿ ಅಚ್ಚು ಬದಲಿಸುತ್ತಾರೆ.

ಇದನ್ನೆಲ್ಲ ಇವರು ಹೇಳಿದ್ದರಿಂದ ಗೊತ್ತಾಯಿತು. ಪರದೆಯಲ್ಲಿ ಇವರಿಲ್ಲ. ಮೊದಲು ಕಾಣುತ್ತಿದ್ದರು, ಸಮಾಧಾನವಿರುತ್ತಿತ್ತು. ಟೆಸ್ಟ್ ಗುರುತು ತೆಗೆದುಬಿಡೋಣ ಎಂದು ಇವತ್ತು ಕೂತೆ. ಆದರೆ ಹೋದ ವಾರದ ವರ್ಷನ್‌ನಲ್ಲಿ ಯಾರು ಯಾವ ಬದಲಾವಣೆ ಮಾಡಿದರು ಎಂಬುದನ್ನು ಬರೆದಿಟ್ಟುಕೊಳ್ಳುವ ಸೌಲಭ್ಯ ಬಂದಿದೆ. ಹಾಕಿದ್ದು ಅದಕ್ಕೆ ಗೊತ್ತಿಲ್ಲ, ತೆಗೆದರೆ ಗೊತ್ತಾಗುತ್ತದೆ. ಹಾಗೇ ಬಿಟ್ಟೆ.

ಇನ್ನೊಂದು ಸುಧಾರಣೆಯೂ ಆಗಿದೆ. ಯಂತ್ರ ನಿಂತಾಗಲೆಲ್ಲ ಗಂಟೆ ಹೊಡೆದು ಗಾರ್ಡುಗಳಿಗೆ ಬೇಸರವಾಗಿತ್ತು. ಈಗ ಬಳಿ ಯಾರೂ ಇಲ್ಲದಿದ್ದರೆ ಗಂಟೆ ಹೊಡೆಯುವುದಿಲ್ಲ, ಎಚ್ಚರಿಕೆ ತಾನಾಗಿ ಮುಚ್ಚಿಕೊಳ್ಳುತ್ತದೆ.

೨೯ ಸೆಪ್ಟೆಂಬರ್, ಮಂಗಳವಾರ. ಆಸ್ಪತ್ರೆಯಲ್ಲಿ

ನಿನ್ನೆಯದನ್ನು ಇವತ್ತು ಬರೆಯುತ್ತಿದ್ದೇನೆ.

ಊಟಕ್ಕೆ ಏಳಬೇಕೆಂದಿದ್ದೆ. ಪರದೆಯ ಮೂಲೆಯಲ್ಲಿ ಒಂದು ಸಾಲು ಬಂತು. ಪ್ರೆಸ್ ಎರಡು ನಿಂತಿದೆ. ಬಳಿ ಯಾರೂ ಇಲ್ಲ. ಓದುವಷ್ಟರಲ್ಲಿ ಮುಚ್ಚಿಕೊಂಡಿತು.

ಇವರಿಗೆ ಫೋನು ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ಸೆಕ್ಯುರಿಟಿ ಕೋಣೆಗೆ ಮಾಡಿದೆ.

"ಪ್ರೆಸ್ ಎರಡರ ಹತ್ರ ಹೋಗಿ ನೋಡಿ. ಯಾರೋ ಸಿಕ್ಕೊಂಡಿರಬೇಕು."

"ಇಲ್ಲ ಮೇಡಂ, ಸ್ಕ್ರೀನ್ ಮುಂದೇನೇ ಕೂತಿದ್ದೀನಿ. ಅಲ್ಲಿ ಯಾರೂ ಇಲ್ಲ. ಎಲ್ಲಾ ಊಟಕ್ಕೆ ಹೋಗವ್ರೆ."

"ಸ್ಕ್ರೀನ್ ಬೇಡ, ಎದ್ದು ಹೋಗಿ ನೋಡಿ."

"ಗೇಟ್ ಬಿಟ್ಟು ಹೋಗಂಗಿಲ್ಲ ಮೇಡಂ. ನೀವು ಯಾರು ಮಾತಾಡ್ತಿರೋದು?"

ನನ್ನ ಹೆಸರು ಹೇಳಬೇಕಿತ್ತು. ಹೇಳಿದರೆ ಎಲ್ಲ ಹೊರಗೆ ಬರುತ್ತದೆ ಎಂಬ ಯೋಚನೆ ಬಂತು. ಫೋನು ಇಟ್ಟೆ. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ ಗೊತ್ತಿಲ್ಲ. ಆಮೇಲೆ ಚನಬಸಪ್ಪನಿಗೆ ಮಾಡಿದೆ. ಗೇಟಿನೆದುರಿನ ಶಾಮಿಯಾನದಲ್ಲೇ ಇದ್ದರು.

"ಅಣ್ಣಾ, ಇವ್ರು ಪ್ರೆಸ್ ಎರಡರಾಗ ಸಿಕ್ಕಾರ. ಲಗೂ ಹೋಗ್ರಿ."

"ನಿಮಗ ಯಾರ ಹೇಳಿದ್ರು? ಅವನ್ನ ನೋಡಾಕ ಒಳಗಿನ ಮಂದಿ ಅದಾರಲ್ಲ ವೈನಿ. ಅವ ಈಗ ಕಂಪನಿ ಮನಷ್ಯಾ."

"ಅಲ್ಲಣ್ಣಾ. ಹೆಸರು ಹೇಳಿದ್ದು ಅವರಲ್ಲ. ನಮ್ಮ ಕಂಪನಿ ಕಂಪ್ಯೂಟರಿಂದ ಹೋದದ್ದು, ನಾನ ತೆಗದು ಕೊಟ್ಟಿದ್ದು. ಅವರ ಹೆಸರು ಅಷ್ಟ ತೆಗದು ಇಟ್ಟೆ. ಅದಕ್ಕ ಅಲ್ಲಿ ಅವರು ಯಾರಿಗೂ ಕಾಣಾಕತ್ತಿಲ್ಲ."

ಅವರು ಯಾರನ್ನೋ ಕೂಗಿ ಓಡಿದ್ದು ಕೇಳಿಸಿತು.

ಗೇಟು ಹತ್ತಿ ಇಳಿದರಂತೆ. ಗಾರ್ಡು ತಡೆಯಲು ಬಂದಾಗ ಅವನನ್ನೂ ಎಳೆದುಕೊಂಡೇ ಒಳಗೆ ಹೋದರಂತೆ. ಇವರ ಬಲಗೈ ಮೊಣಕೈವರೆಗೆ ಅಚ್ಚಿನ ನಡುವೆ ಇತ್ತು, ಎಚ್ಚರ ತಪ್ಪಿತ್ತು. ಪ್ರೆಸ್ಸನ್ನು ಮೇಲೆತ್ತುವುದು ಚನಬಸಪ್ಪನಿಗೆ ಗೊತ್ತಿತ್ತು. ಇನ್ನಷ್ಟು ರಕ್ತ ಹೋಗಿದ್ದರೆ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ಕೈ ಉಳಿಯಲಿಲ್ಲ.

೨ ಅಕ್ಟೋಬರ್, ಶುಕ್ರವಾರ

ಇವರು ಇವತ್ತು ಸರಿಯಾಗಿ ಮಾತಾಡಿದರು. ಚನಬಸಪ್ಪ ಕಿಟಕಿಯ ಹತ್ತಿರ ನಿಂತಿದ್ದರು. ನಾಲ್ಕು ದಿನದಿಂದ ಆಸ್ಪತ್ರೆಯಲ್ಲೇ ಇದ್ದರೂ ನನ್ನ ಜೊತೆ ಮಾತಾಡಿಲ್ಲ.

"ನಾ ಅಲ್ಲಿ ಸಿಕ್ಕೀನಿ ಅಂತ ಚನಬಸ್ಯಾಗ ಫೋನ್ ಮಾಡಿದಾಕಿ ನೀನಂತ," ಎಂದು ಇವರು ಕೇಳಿದರು. "ನಿನಗ ಹೆಂಗ ಗೊತ್ತಾತು?"

ಚನಬಸಪ್ಪ ತಿರುಗಿ ನೋಡಿದರು.

"ಮನಸಿಗೆ ಹಂಗ ಅನಸ್ತ್ರಿ," ಅಂದೆ.

ಇವರ ಕಣ್ಣು ತುಂಬಿತು. ಎಡಗೈಯಿಂದ ನನ್ನ ಕೈ ಹಿಡಿದುಕೊಂಡು, "ಕೇಳಿದೆನೋ? ಮನಸಿಗೆ ಅನಸ್ತಂತ," ಎಂದು ಚನಬಸಪ್ಪನಿಗೆ ಹೇಳಿದರು.

"ಹೂಂ ರೇವಣ್ಣ, ಕೇಳಿದೆ," ಅಂದರು ಚನಬಸಪ್ಪ.

ಇವರು ಮಲಗಿದ ಮೇಲೆ ಹೊರಗೆ ಬಂದು ಅವರಿಗೆ ಕಾಫಿ ತಂದುಕೊಟ್ಟೆ. ಮುಟ್ಟಲಿಲ್ಲ.

"ಈಗ ಅವನ ಜೀವಾ ಗಟ್ಟಿ ಇಲ್ಲ, ಅದಕ್ಕ ಸುಮ್ಮನಿದ್ದೆ. ಎದ್ದು ಓಡಾಡೂ ಹಂಗ ಆಗ್ಲಿ. ಆಮ್ಯಾಲ ನೀವ ಹೇಳ್ರಿ. ನೀವು ಹೇಳಲಿಲ್ಲ ಅಂದ್ರ ನಾ ಹೇಳ್ತೀನಿ. ಅಂವ ಮೋಸಗಾರ ಅಂತ ಅನಿಸಿಕೊಂಡು ಬದುಕೂದು ನನಗ ನೋಡಾಕ ಆಗಂಗಿಲ್ಲ." ಮೊದಲ ಸಲ ನನ್ನನ್ನು ವೈನಿ ಎನ್ನಲಿಲ್ಲ.

ಲೋಕೇಶ್ ಮೆಸೇಜು ಕಳಿಸಿದ್ದಾರೆ. ಪ್ರೆಸ್ಸಿನ ಬಳಿ ಇದ್ದವರು ಪರದೆಯಲ್ಲಿ ಕಾಣದಿದ್ದದ್ದು ಕಾರ್ಡಿನ ತಾಂತ್ರಿಕ ದೋಷ ಎಂದು ಕ್ಲೈಂಟ್ ಒಪ್ಪಿಕೊಂಡಿದ್ದಾರಂತೆ. ನಿಧಾನವಾಗಿ ಬನ್ನಿ, ಮುಂದಿನ ವರ್ಷನ್ ನಿಮ್ಮನ್ನು ಬಿಟ್ಟು ಆಗುವುದಿಲ್ಲ ಎಂದು ಬರೆದಿದ್ದಾರೆ.

ಚನಬಸಪ್ಪ ಒಳ್ಳೆಯ ಮನುಷ್ಯ, ಅದರಲ್ಲಿ ಸಂಶಯವಿಲ್ಲ. ಆದರೆ ಅವರು ಎಷ್ಟು ದಿನ ಸುಮ್ಮನಿರುತ್ತಾರೆ ಎಂದು ತಿಳಿಯುವುದು ಹೇಗೆ? ಅವರ ಕಾರ್ಡು ಈಗ ಯಾವ ಗೇಟನ್ನೂ ತೆರೆಯುವುದಿಲ್ಲ. ಇಲ್ಲಿಂದ ಎದ್ದು ಎಲ್ಲಿಗೆ ಹೋಗುತ್ತಾರೆ, ಯಾರ ಜೊತೆ ಕೂತು ಉಣ್ಣುತ್ತಾರೆ, ಒಂದೂ ನನಗೆ ಕಾಣುವುದಿಲ್ಲ.